ತೆರೆದ ಗಾಲಿಯ ರಥಿಕರು

ಕನ್ನಡದ ಮೇಷ್ಟ್ರೊಬ್ಬ ಕಾರು ಪಂದ್ಯದ ವಿಷಯವಾಗಿ ಮಾತನಾಡುತ್ತಾನೆಂದರೆ, ಕೇಳುವವರು ಮೊದಲು ರೇಡಿಯೋದ ಮುಳ್ಳು ಸರಿಯಾದ ನಿಲಯದಲ್ಲಿದೆಯೇ ಎಂದು ನೋಡಿಕೊಂಡಾರು. ಮುಳ್ಳು ಸರಿಯಾಗಿಯೇ ಇದೆ. ಮೂವತ್ತೈದು ವರ್ಷ ಪಂಪ, ರನ್ನ, ಕುಮಾರವ್ಯಾಸರನ್ನು ಪಾಠ ಹೇಳಿದ ನಾನು, ಅದಕ್ಕಿಂತಲೂ ಹೆಚ್ಚು ಕಾಲದಿಂದ ಇನ್ನೊಂದು ಗೀಳನ್ನು ಮನೆಯೊಳಗೇ ಸಾಕಿಕೊಂಡು ಬಂದಿದ್ದೇನೆ. ಒಬ್ಬನೇ ಕೂರಬಹುದಾದ, ಮಡ್‌ಗಾರ್ಡ್ ಇಲ್ಲದ, ನಾಲ್ಕೂ ಗಾಲಿಗಳು ಮೈಯಿಂದ ಹೊರಕ್ಕೆ ಚಾಚಿಕೊಂಡಿರುವ ಕಾರುಗಳ ಗೀಳು ಅದು. ಫಾರ್ಮುಲಾ ಒನ್ ಎಂಬ ಹೆಸರನ್ನು ನೀವೆಲ್ಲರೂ ಕೇಳಿದ್ದೀರಿ. ಆ ಕುಲದಲ್ಲಿ ಹಿರಿಯದು ಅದು. ಫಾರ್ಮುಲಾ ಟೂ, ತ್ರೀ, ಫೋರ್ ಎಂದು ತಮ್ಮಂದಿರಿದ್ದಾರೆ. ಅಮೆರಿಕದಲ್ಲಿ ಇಂಡಿಕಾರ್ ಎಂಬ ದಾಯಾದಿಯೂ ಇದ್ದಾನೆ.

ಈ ಗೀಳು ಹತ್ತಿದ್ದು ಶೋಲಾವರಂನಲ್ಲಿ. ಮದ್ರಾಸಿನ ಆಚೆ ಯುದ್ಧಕಾಲದ ಹಳೆಯ ವಿಮಾನ ಪಟ್ಟಿಯೊಂದಿತ್ತು. ಅಲ್ಲಿ ಕಾರು ಪಂದ್ಯಗಳು ನಡೆಯುತ್ತಿದ್ದವು. 1980ರ ದಶಕದ ಮೊದಲ ವರ್ಷಗಳಲ್ಲಿ ನಮ್ಮ ವಿಜಯ ಮಲ್ಯ ಅವರು ಒಮ್ಮೆ ಫಾರ್ಮುಲಾ ಒನ್‌ನಲ್ಲಿ ಓಡಿದ್ದ ಎನ್‌ಸೈನ್ ಕಾರನ್ನು ತರಿಸಿ ಅಲ್ಲಿ ಓಡಿಸುತ್ತಿದ್ದ ಕಾಲ. ಆಗ ತಾನೇ ಉಪನ್ಯಾಸಕನಾಗಿದ್ದ ನನ್ನನ್ನು ಭೌತಶಾಸ್ತ್ರದ ಗೆಳೆಯರೊಬ್ಬರು ರಾತ್ರಿಯ ರೈಲಿಗೆ ಹತ್ತಿಸಿ ಕರೆದೊಯ್ದರು. ಬಿಸಿಲು, ಧೂಳು, ಎಣ್ಣೆ ಸುಟ್ಟ ವಾಸನೆ. ಕಾರು ಕಣ್ಣಿಗೆ ಬೀಳುವ ಮೊದಲೇ ಎದೆಗೂಡಿನಲ್ಲಿ ನಡುಗುವ ಅದರ ಸದ್ದು. ನಾನು ಅದುವರೆಗೆ ರಥವೆಂಬುದನ್ನು ಕಾವ್ಯದಲ್ಲಿ ಮಾತ್ರ ಕಂಡಿದ್ದೆ.

ಹಿಂದಿರುಗುವ ದಾರಿಯಲ್ಲಿ ಆ ಗೆಳೆಯರು ಹೇಳಿದ ಒಂದು ಮಾತು ಇಂದಿಗೂ ನನ್ನ ಅಭಿಪ್ರಾಯಗಳಿಗೆಲ್ಲ ತಳಹದಿಯಾಗಿದೆ. ನಮ್ಮ ಹೊಸೂರು ರಸ್ತೆಯ ಕಾರುಗಳು ಒಂದಕ್ಕೊಂದು ತಾಗಿದರೆ ಬಣ್ಣ ಹೋಗುತ್ತದೆ, ಒಂದಿಷ್ಟು ಬೈಗುಳ ಬರುತ್ತದೆ, ಅಷ್ಟೆ. ತೆರೆದ ಗಾಲಿಯ ಕಾರುಗಳಲ್ಲಿ ಹಾಗಲ್ಲ. ಓಡುತ್ತಿರುವ ಗಾಲಿಯ ಹಿಂಬದಿ ಮೇಲಕ್ಕೆ ಏರುತ್ತಿರುತ್ತದೆ, ಮುಂಬದಿ ಕೆಳಕ್ಕೆ ಇಳಿಯುತ್ತಿರುತ್ತದೆ. ಹಿಂದಿನಿಂದ ಬಂದವನ ಮುಂಗಾಲಿ ಮುಂದಿರುವವನ ಹಿಂಗಾಲಿಯನ್ನು ಮುಟ್ಟಿತೆನ್ನಿ. ಏರುತ್ತಿರುವ ಗಾಲಿ ಇಳಿಯುತ್ತಿರುವ ಗಾಲಿಯನ್ನು ಮೇಲಕ್ಕೆತ್ತಿ ಎಸೆಯುತ್ತದೆ. ಕಾರು ಹಾರುತ್ತದೆ. ಆದ್ದರಿಂದ ಈ ಪಂದ್ಯದಲ್ಲಿ ಇಬ್ಬರು ಪಕ್ಕಪಕ್ಕದಲ್ಲಿ ತಿರುವನ್ನು ಹಾಯುವುದೆಂದರೆ, ತನ್ನ ಪ್ರಾಣವನ್ನು ಒಂದು ಗೇಣಿನ ಅಂತರದಲ್ಲಿ ಎದುರಾಳಿಯ ಕೈಗೆ ಕೊಟ್ಟು, ಅವನ ಪ್ರಾಣವನ್ನು ತಾನು ಇಟ್ಟುಕೊಳ್ಳುವುದು.

ಕೆನಡಾದ ಜೀಲ್ ವಿಲ್ನೆವ್ ಎಂಬ ಚಾಲಕನ ಎರಡು ದಿನಗಳನ್ನು ಜೊತೆಯಲ್ಲಿಟ್ಟು ನೋಡಬೇಕು. 1979ರ ಜುಲೈ 1ರಂದು ಫ್ರಾನ್ಸಿನ ದಿಜೋನ್‌ನಲ್ಲಿ ಅವನೂ ರೆನೆ ಆರ್ನೂ ಎಂಬಾತನೂ ಎರಡನೆಯ ಸ್ಥಾನಕ್ಕಾಗಿ ಕಾದಾಡಿದರು. ಆ ಕೊನೆಯ ಸುತ್ತುಗಳಲ್ಲಿ ಗಾಲಿಗೆ ಗಾಲಿ ಹಲವು ಬಾರಿ ತಾಗಿತು. ಇಬ್ಬರೂ ಉಳಿದರು, ಇಬ್ಬರೂ ನಕ್ಕರು. ಗೆದ್ದವನ ಹೆಸರನ್ನು ಇಂದು ಬಹಳ ಮಂದಿ ಮರೆತಿದ್ದಾರೆ. ಮೂರು ವರ್ಷವೂ ತುಂಬಿರಲಿಲ್ಲ. 1982ರ ಮೇ 8ರಂದು ಬೆಲ್ಜಿಯಂನ ಝೋಲ್ಡರ್‌ನಲ್ಲಿ, ಪಂದ್ಯದ ಹಿಂದಿನ ದಿನದ ಓಟದಲ್ಲಿ, ನಿಧಾನವಾಗಿ ಹೋಗುತ್ತಿದ್ದ ಯೋಹೆನ್ ಮಾಸ್ ಎಂಬವನು ಹಿಂದಿನಿಂದ ಬರುತ್ತಿದ್ದ ವಿಲ್ನೆವ್‌ಗೆ ದಾರಿ ಬಿಡಲೆಂದೇ ಬಲಕ್ಕೆ ಸರಿದ. ಅದೇ ಕ್ಷಣದಲ್ಲಿ ವಿಲ್ನೆವ್ ಕೂಡ ಬಲಕ್ಕೇ ತಿರುಗಿಸಿದ. ಗಾಲಿ ಗಾಲಿಯನ್ನು ಹತ್ತಿತು. ಜಿದ್ದಿನಲ್ಲಿ ಉಳಿದವನು ಸೌಜನ್ಯದಲ್ಲಿ ಮಡಿದ.

ನನ್ನ ಪಕ್ಷಪಾತ ಈಗ ನಿಮಗೆ ಅರ್ಥವಾಗಿರಬಹುದು. ಅತಿ ವೇಗದವನು ಯಾರು ಎಂಬ ಪ್ರಶ್ನೆ ನನಗೆ ಮುಖ್ಯವಲ್ಲ. ಪಕ್ಕದವನಿಗೆ ಒಂದು ಕಾರಿನಷ್ಟು ಜಾಗವನ್ನು ಬಿಟ್ಟೂ ಮುಂದೆ ಹೋದವನು ಯಾರು ಎಂದು ಕೇಳುತ್ತೇನೆ. ಈ ತಕ್ಕಡಿಯಲ್ಲಿ ತೂಗಿದರೆ ಕೆಲವು ದೊಡ್ಡ ಹೆಸರುಗಳು ಹಗುರವಾಗುತ್ತವೆ. ಮೈಕೆಲ್ ಶುಮಾಕರ್ ಏಳು ಬಾರಿ ವಿಶ್ವವಿಜೇತನಾದ. ಅವನ ಕೈಚಳಕಕ್ಕೆ ನನ್ನ ನಮಸ್ಕಾರವಿದೆ, ಪ್ರೀತಿಯಿಲ್ಲ. 2000ದ ಆಗಸ್ಟ್‌ನಲ್ಲಿ ಬೆಲ್ಜಿಯಂನ ಸ್ಪಾದಲ್ಲಿ ಅವನು ಮಿಕಾ ಹಾಕಿನೆನ್‌ನನ್ನು ಭಾರಿ ವೇಗದಲ್ಲಿ ಅಂಚಿಗೆ ಒತ್ತಿದ. ಹಾಕಿನೆನ್ ಹಿಂದೆ ಸರಿದ. ಮರುಸುತ್ತಿನಲ್ಲಿ ಇಬ್ಬರೂ ಜೋಂಟಾ ಎಂಬವನ ನಿಧಾನವಾದ ಕಾರಿನ ಹಿಂದೆ ಬಂದಾಗ ಶುಮಾಕರ್ ಎಡಕ್ಕೆ ಹೋದ, ಹಾಕಿನೆನ್ ಬಲಕ್ಕೆ ನುಗ್ಗಿ ಇಬ್ಬರನ್ನೂ ದಾಟಿದ. ಪಂದ್ಯ ಮುಗಿದ ಮೇಲೆ ಅವನು ಕೂಗಾಡಲಿಲ್ಲ. ಶುಮಾಕರ್‌ನ ಪಕ್ಕದಲ್ಲಿ ನಿಂತು, ಕೈಗಳಿಂದಲೇ ಎರಡು ಕಾರುಗಳನ್ನು ಮಾಡಿ ತೋರಿಸಿ ಏನನ್ನೋ ಮೆಲ್ಲಗೆ ಹೇಳಿದ. ಒಳ್ಳೆಯ ಉಪಾಧ್ಯಾಯನೊಬ್ಬ ತಪ್ಪು ಮಾಡಿದ ಹುಡುಗನಿಗೆ ಹೇಳುವಂತೆ ಇತ್ತು ಅದು.

ಐರ್ಟನ್ ಸೆನ್ನಾನ ವಿಷಯದಲ್ಲಿ ಮಾತ್ರ ನನ್ನ ತಕ್ಕಡಿ ನಿಲ್ಲುವುದಿಲ್ಲ. 1990ರಲ್ಲಿ ಜಪಾನಿನ ಸುಝುಕಾದಲ್ಲಿ ಅವನು ಮೊದಲ ತಿರುವಿನಲ್ಲೇ ಪ್ರಾಸ್ಟ್‌ನ ಕಾರಿಗೆ ಡಿಕ್ಕಿ ಹೊಡೆದು ಪಟ್ಟವನ್ನು ಗೆದ್ದ. ಬೇಕೆಂದೇ ಹೊಡೆದೆನೆಂದು ಮರುವರ್ಷ ತಾನೇ ಒಪ್ಪಿಕೊಂಡ. 1992ರಲ್ಲಿ ಸ್ಪಾದಲ್ಲಿ ಎರಿಕ್ ಕೋಮಾಸ್ ಎಂಬಾತ ಅಪಘಾತಕ್ಕೀಡಾಗಿ ಪ್ರಜ್ಞೆ ತಪ್ಪಿ ಬಿದ್ದಿದ್ದಾಗ, ತನ್ನ ಕಾರನ್ನು ನಿಲ್ಲಿಸಿ, ಇತರ ಕಾರುಗಳು ಬರುತ್ತಿದ್ದ ಪಥದ ಮೇಲೆಯೇ ಓಡಿಹೋಗಿ, ಅವನ ಎಂಜಿನನ್ನು ಆರಿಸಿದವನೂ ಅದೇ ಸೆನ್ನಾ. 1994ರ ಏಪ್ರಿಲ್ 30ರಂದು ಇಟಲಿಯ ಇಮೋಲಾದಲ್ಲಿ ಆಸ್ಟ್ರಿಯದ ರಾಟ್ಜೆನ್‌ಬರ್ಗರ್ ಸತ್ತ. ಮರುದಿನ ಸೆನ್ನಾ ಸತ್ತ. ಅವನ ಕಾರಿನೊಳಗೆ ಮಡಿಚಿಟ್ಟ ಆಸ್ಟ್ರಿಯದ ಬಾವುಟವೊಂದು ಸಿಕ್ಕಿತು. ಕರ್ಣನನ್ನು ಪಾಠ ಹೇಳುವಾಗ ನಾನು ಪಡುತ್ತಿದ್ದ ಕಷ್ಟವೇ ಇಲ್ಲಿಯೂ. ಸಭೆಯಲ್ಲಿ ಆಡಿದ ಮಾತನ್ನು ಮರೆಯುವಂತಿಲ್ಲ, ನೆಲಕ್ಕೆ ಹೂತ ಗಾಲಿಯನ್ನು ನೋಡಿ ಕಣ್ಣೊರೆಸಿಕೊಳ್ಳದೆ ಇರುವಂತೆಯೂ ಇಲ್ಲ. (ಇಂದಿನ ಚಾಲಕರ ಕಿವಿಯಲ್ಲಿ ಎಂಜಿನಿಯರನೊಬ್ಬ ಸದಾ ಮಾತನಾಡುತ್ತಿರುತ್ತಾನೆ. ಕೆಲವರ ಧಾಟಿಯನ್ನು ಕೇಳಿದಾಗ ಶಲ್ಯ ನೆನಪಾಗುತ್ತಾನೆ.)

ಈಗಿನವರಲ್ಲಿ ಮ್ಯಾಕ್ಸ್ ವರ್ಸ್ಟಾಪನ್‌ನಷ್ಟು ಪ್ರತಿಭಾವಂತರು ಕಡಮೆ. ಜಾಗ ಬಿಡುವುದರಲ್ಲಿ ಅವನಷ್ಟು ಜಿಪುಣರೂ ಕಡಮೆ. 2021ರ ಸೆಪ್ಟೆಂಬರ್ 12ರಂದು ಇಟಲಿಯ ಮೊಂಝಾದಲ್ಲಿ ಅವನ ಕಾರು ಲೂಯಿಸ್ ಹ್ಯಾಮಿಲ್ಟನ್‌ನ ಕಾರಿನ ಮೇಲೇರಿತು. ಗಾಲಿ ಹ್ಯಾಮಿಲ್ಟನ್‌ನ ತಲೆಯ ಮೇಲೆಯೇ ಬಂದಿತು. ಅವನನ್ನು ಉಳಿಸಿದುದು 2018ರಿಂದ ಕಡ್ಡಾಯವಾದ ‘ಹೇಲೋ’ ಎಂಬ ಟೈಟಾನಿಯಂ ಕಮಾನು. ತಂದ ಹೊಸತರಲ್ಲಿ ಅದು ಕುರೂಪವೆಂದು ಮೂಗು ಮುರಿದವರಲ್ಲಿ ನಾನೂ ಒಬ್ಬ. 2020ರ ನವೆಂಬರ್‌ನಲ್ಲಿ ಬಹ್ರೇನ್‌ನಲ್ಲಿ ಗ್ರೋಜಾನ್ ಎಂಬಾತ ಇಬ್ಭಾಗವಾದ ಕಾರಿನ ಬೆಂಕಿಯೊಳಗಿಂದ ಎದ್ದುಬಂದುದನ್ನು ಕಂಡ ಮೇಲೆ ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡೆ.

ಇನ್ನು ಸರಣಿಗಳ ವಿಚಾರ. ಚಾಲಕನನ್ನು ನೋಡಬೇಕೆಂದರೆ ಫಾರ್ಮುಲಾ ಒನ್‌ಗಿಂತ ಫಾರ್ಮುಲಾ ಟೂ ಮೇಲೆಂಬುದು ನನ್ನ ಮತ. ಹಿರಿಯದರಲ್ಲಿ ಅರ್ಧ ಪಂದ್ಯ ಕಾರ್ಖಾನೆಯಲ್ಲೇ ಮುಗಿದಿರುತ್ತದೆ. ಕಿರಿಯದರಲ್ಲಿ ಎಲ್ಲರಿಗೂ ಒಂದೇ ಬಗೆಯ ಕಾರು, ಒಂದೇ ಬಗೆಯ ಎಂಜಿನು. ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್ 2005ರಲ್ಲಿ ಫಾರ್ಮುಲಾ ಒನ್ ಸೇರಿದ ಮೊದಲ ಭಾರತೀಯ. ಆ ವರ್ಷ ಅಮೆರಿಕದ ಪಂದ್ಯದಲ್ಲಿ ಟೈರಿನ ತಕರಾರಿನಿಂದ ಆರೇ ಕಾರುಗಳು ಓಡಿದವು, ಅವರು ನಾಲ್ಕನೆಯವರಾದರು. ಅದನ್ನು ಹಂಗಿಸುವವರಿದ್ದಾರೆ. ಮಾರುತಿ 800ರ ಎಂಜಿನು ಹೂಡಿದ ಫಾರ್ಮುಲಾ ಮಾರುತಿಯಿಂದ ಹೊರಟವರು ಅಲ್ಲಿಯವರೆಗೆ ಹೋದ ದಾರಿಯನ್ನು ಅಳೆದವರು ಹಂಗಿಸಲಾರರು.

ನಮ್ಮೂರಿನ ಹುಡುಗರ ಕಥೆಯೂ ಇದೆ. ಬೆಂಗಳೂರಿನ ಅರ್ಜುನ್ ಮೈನಿ 2018ರಲ್ಲಿ ಫಾರ್ಮುಲಾ ಟೂನಲ್ಲಿ ಓಡಿದರು. ಅವರ ತಮ್ಮ ಕುಶ್ ಮೈನಿ 2023ರಲ್ಲಿ ಅಲ್ಲಿಗೆ ಬಂದರು. ಕುಶ್ ಅವರ 2024 ವಿಚಿತ್ರವಾದ ವರ್ಷ. ಬಹ್ರೇನ್‌ನಲ್ಲಿ ಎಲ್ಲರಿಗಿಂತ ವೇಗವಾಗಿ ಓಡಿ ಗಳಿಸಿದ ಮೊದಲ ಸ್ಥಾನ ಕಾರಿನ ತಾಂತ್ರಿಕ ದೋಷದಿಂದ ಕೈತಪ್ಪಿತು. ಹಂಗೆರಿಯಲ್ಲಿ ಗೆದ್ದವನು ಅನರ್ಹನಾದುದರಿಂದ ಇವರಿಗೆ ಗೆಲುವು ಬಂದಿತು. ಒಂದು ಕಡೆ ಕಿತ್ತುಕೊಂಡ ನಿಯಮ ಇನ್ನೊಂದು ಕಡೆ ಕೊಟ್ಟಿತು. 2025ರ ಮೇ 24ರಂದು ಮೊನಾಕೋದ ಇಕ್ಕಟ್ಟಾದ ಬೀದಿಗಳಲ್ಲಿ ನಡೆದ ಕಿರು ಪಂದ್ಯದಲ್ಲಿ ಮಾತ್ರ ಅವರು ಮೊದಲಿನಿಂದ ಕೊನೆಯವರೆಗೂ ಮುಂದಿದ್ದು ಗೆದ್ದರು. ಕಿರು ಪಂದ್ಯದಲ್ಲಿ ಮೊದಲ ಹತ್ತು ಮಂದಿಯನ್ನು ತಲೆಕೆಳಗಾಗಿ ನಿಲ್ಲಿಸುತ್ತಾರೆ, ಹತ್ತನೆಯವನು ಮೊದಲಾಗುತ್ತಾನೆ, ಅದೇನು ಗೆಲುವು ಎಂದು ಕೆಲವರು ಹೇಳಿದರು. ಎರಡೂ ಪಕ್ಕದಲ್ಲಿ ಕಬ್ಬಿಣದ ತಡೆಗೋಡೆ ಉಜ್ಜುವ ಬೀದಿಯಲ್ಲಿ, ಬೆನ್ನಿಗೆ ಇಪ್ಪತ್ತು ಮಂದಿಯನ್ನು ಕಟ್ಟಿಕೊಂಡು, ಮೂವತ್ತು ಸುತ್ತು ಒಂದೇ ಒಂದು ತಪ್ಪಿಲ್ಲದೆ ಓಡಿಸುವುದು ಹೇಗಿರುತ್ತದೆಂದು ಅವರು ಯೋಚಿಸಿದಂತಿಲ್ಲ. ಅಂದು ಅಲ್ಲಿ ಜನಗಣಮನ ನುಡಿಯಿತು. ನಾನು ಕುರ್ಚಿಯಿಂದ ಎದ್ದು ನಿಂತೆ.

ಎದ್ದು ನಿಂತಾಗ ಬಾಗಿಲ ಬಳಿ ನನ್ನ ಮಗನೂ ನಿಂತಿದ್ದುದನ್ನು ಕಂಡೆ. ಇಪ್ಪತ್ತೆರಡು ವರ್ಷಗಳಿಂದ ಅವನು ನನ್ನೊಡನೆ ಪಂದ್ಯ ನೋಡಿದವನಲ್ಲ. ಅದಕ್ಕೆ ಕಾರಣವನ್ನು ಹೇಳದಿದ್ದರೆ ಈ ಭಾಷಣ ಅಪ್ರಾಮಾಣಿಕವಾದೀತು.

ನಾವಿರುವುದು ಬೇಗೂರಿನಲ್ಲಿ. ನಾಗೇಶ್ವರ ದೇವಾಲಯದಲ್ಲಿ ಸುಮಾರು ಕ್ರಿ.ಶ. 890ರ ಒಂದು ಶಾಸನವಿದೆ. ‘ಬೆಂಗಳೂರು’ ಎಂಬ ಹೆಸರು ಕಾಣುವುದು ಅದರಲ್ಲಿ, ಬೆಂಗಳೂರ ಕಾಳಗದಲ್ಲಿ ನಾಗತ್ತರನ ಕಡೆಯವನೊಬ್ಬ ಮಡಿದನೆಂಬ ಸುದ್ದಿಯಾಗಿ. ಇದೇ ಊರಿನ ಇನ್ನೊಂದು ವೀರಗಲ್ಲು, ಆನೆ ಕುದುರೆಗಳ ಕಾಳಗವನ್ನು ಕೆತ್ತಿದ್ದು, ಕಸ್ತೂರಬಾ ರಸ್ತೆಯ ವಸ್ತುಸಂಗ್ರಹಾಲಯದಲ್ಲಿದೆ. ಎಷ್ಟೋ ತಂಡ ವಿದ್ಯಾರ್ಥಿಗಳನ್ನು ಈ ಕಲ್ಲುಗಳ ಮುಂದೆ ನಿಲ್ಲಿಸಿ ವೀರವೆಂದರೇನು ಎಂದು ನಾನು ಬಣ್ಣಿಸಿದ್ದೇನೆ. 2003ರಲ್ಲಿ ಕೊಯಮತ್ತೂರಿನಲ್ಲಿ ಹೊಸ ಪಂದ್ಯಪಥ ಆರಂಭವಾಯಿತು. ಆಗ ನನ್ನ ಮಗನಿಗೆ ಹದಿನೇಳು ವರ್ಷ. ಒಂದು ಭಾನುವಾರ, ನಾನು ಪಂದ್ಯ ನೋಡುತ್ತಿದ್ದಾಗ, ಒಂಟಿ ಆಸನದ ಕಾರಿನ ತರಬೇತಿಯ ಅರ್ಜಿಯನ್ನು ತಂದಿಟ್ಟ. “ಹಣ ಅರ್ಧ ಕೂಡಿಸಿದ್ದೇನೆ ಅಪ್ಪ. ನೀವು ಸಹಿ ಹಾಕಿದರೆ ಸಾಕು” ಎಂದ. ನಾನು ಪರದೆಯಿಂದ ಕಣ್ಣು ತೆಗೆಯದೆ, “ನೋಡುವುದು ಬೇರೆ, ಮಾಡುವುದು ಬೇರೆ ಕಣಪ್ಪ” ಎಂದೆ. ಅವನು ವಾದಿಸಲಿಲ್ಲ. ಅರ್ಜಿಯನ್ನು ಮಡಿಚಿಕೊಂಡು ಹೋದ.

ನನ್ನ ಹೆದರಿಕೆ ಸುಳ್ಳೆಂದು ಇಂದಿಗೂ ಹೇಳಲಾರೆ. 2023ರ ಆಗಸ್ಟ್‌ನಲ್ಲಿ ಮದ್ರಾಸಿನ ಪಥದಲ್ಲಿ ನಮ್ಮ ಬೆಂಗಳೂರಿನ ಹದಿಮೂರು ವರ್ಷದ ಬಾಲಕನೊಬ್ಬ ಮೋಟಾರ್ ಸೈಕಲ್ ಪಂದ್ಯದಲ್ಲಿ ಬಿದ್ದು ತೀರಿಕೊಂಡ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಮಾಡಿದ್ದೇ ಸರಿ ಎಂದು ಒಂದು ಮನಸ್ಸು ಹೇಳಿತು. ಪರರ ಮಕ್ಕಳ ಸಾಹಸವನ್ನು ಸೋಫಾದ ಮೇಲೆ ಕುಳಿತು ಅನುಭವಿಸುವವನಿಗೆ, ಯಾರು ಜಾಗ ಬಿಟ್ಟರು, ಯಾರು ಬಿಡಲಿಲ್ಲ ಎಂದು ತೀರ್ಪು ಹೇಳುವ ಅಧಿಕಾರ ಎಲ್ಲಿಂದ ಬಂತು ಎಂದು ಇನ್ನೊಂದು ಮನಸ್ಸು ಕೇಳಿತು. ಆ ಭಾನುವಾರ ಮಗನಿಗೆ ನಾನು ಒಂದು ಗೇಣು ಜಾಗವನ್ನೂ ಬಿಟ್ಟಿರಲಿಲ್ಲ.

ಮೊನಾಕೋದ ಸಂಜೆ, ರಾಷ್ಟ್ರಗೀತೆ ಮುಗಿದ ಮೇಲೆ, ಅವನು ಒಳಗೆ ಬಂದು ಕುಳಿತ. “ಈ ಹುಡುಗನ ತಂದೆಯೂ ಹಿಂದೆ ಪಂದ್ಯಗಳಲ್ಲಿ ಓಡಿಸಿದವರಂತೆ, ಅಪ್ಪ” ಎಂದ. ಅಷ್ಟೆ. ಚುಚ್ಚಿ ಹೇಳಿದ್ದಲ್ಲ. ನಾನು ಹೌದೆಂದೆ. ಬಹಳ ಹೊತ್ತು ಇಬ್ಬರೂ ಬಹುಮಾನದ ಷಾಂಪೇನ್ ಚಿಮ್ಮುವುದನ್ನೇ ನೋಡುತ್ತ ಕುಳಿತಿದ್ದೆವು.

ನನ್ನ ಮೊಮ್ಮಗಳಿಗೆ ಈಗ ಹನ್ನೆರಡು. ಹೆಣ್ಣುಮಕ್ಕಳಿಗೆಂದೇ 2023ರಲ್ಲಿ ಎಫ್‌ ಒನ್ ಅಕಾಡೆಮಿ ಎಂಬ ಸರಣಿ ಆರಂಭವಾಯಿತಲ್ಲ, ಅದರ ಚಾಲಕಿಯರ ಹೆಸರುಗಳೆಲ್ಲ ಅವಳಿಗೆ ಬಾಯಿಪಾಠ. ನನ್ನ ಹಾಕಿನೆನ್ ಅವಳಿಗೆ ಪುರಾಣಪುರುಷ. ಕಳೆದ ತಿಂಗಳು ಗೋ-ಕಾರ್ಟ್ ತರಬೇತಿಯ ಅರ್ಜಿಯನ್ನು ತಂದಳು. ಅವಳಪ್ಪ ಅದನ್ನು ಎರಡು ಬಾರಿ ಓದಿದ, ಹೆಲ್ಮೆಟ್ಟಿನ ಬಗ್ಗೆ, ಆಂಬುಲೆನ್ಸಿನ ಬಗ್ಗೆ ಫೋನು ಮಾಡಿ ವಿಚಾರಿಸಿದ, ಆಮೇಲೆ ಸಹಿ ಹಾಕಿದ. “ತಾತ, ನೀವೂ ಬರಬೇಕು” ಎಂದು ಅವಳ ಅಪ್ಪಣೆಯಾಗಿದೆ. ಭಾನುವಾರ ಬೆಳಿಗ್ಗೆ ಏಳಕ್ಕೆ ಹೊರಡಬೇಕು. ಹೆಲ್ಮೆಟ್ಟಿನ ಪಟ್ಟಿ ಬಿಗಿಯಾಗಿದೆಯೇ ಎಂದು ನೋಡುವ ಕೆಲಸವನ್ನು ಮಗ ನನಗೆ ವಹಿಸಿದ್ದಾನೆ.