ವೈದ್ಯಕಾಯಕವೂ ದಾಂಪತ್ಯದ ಆಯ್ಕೆಯೂ
(ಶ್ರೀಮಠದ ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)

ಶ್ರೀ ಗುರುಬಸವಲಿಂಗಾಯ ನಮಃ

 

ಸಂಸಾರವನ್ನು ತ್ಯಜಿಸಿಯೇ ಶಿವನನ್ನು ಕಾಣಬೇಕೆಂಬ ನಿರ್ಬಂಧವನ್ನು ಶರಣರು ಒಡ್ಡಲಿಲ್ಲ. ದೇವರ ದಾಸಿಮಯ್ಯ ದುಗ್ಗಳೆಯರು, ಆಯ್ದಕ್ಕಿ ಮಾರಯ್ಯ ಲಕ್ಕಮ್ಮನವರು, ಮೋಳಿಗೆಯ ಮಾರಯ್ಯ ಮಹಾದೇವಿಯರು ಇವರೆಲ್ಲರೂ ಗೃಹಸ್ಥರಾಗಿದ್ದುಕೊಂಡೇ ಶರಣಪದವಿಯನ್ನು ಪಡೆದವರು. ಈ ದಂಪತಿಗಳಲ್ಲಿ ಒಬ್ಬರ ಕಾಯಕವು ಇನ್ನೊಬ್ಬರಿಗೆ ಪರಕೀಯವಾಗಿರಲಿಲ್ಲ. ದಾಸಿಮಯ್ಯನು ಕನ್ಯಾನ್ವೇಷಣೆಗೆ ಹೊರಟಾಗ ಮರಳು ಬೆರೆತ ಅಕ್ಕಿಯನ್ನೂ ಕಬ್ಬಿನ ಜಲ್ಲೆಗಳನ್ನೂ ಒಯ್ದು, ಬೇರೆ ನೀರು ಸೌದೆಗಳಿಲ್ಲದೆ ಪಾಕ ಮಾಡಬಲ್ಲವಳನ್ನೇ ವರಿಸುವೆನೆಂದನಂತೆ. ದುಗ್ಗಳೆಯು ಮರಳನ್ನು ಬೇರ್ಪಡಿಸಿ, ಕಬ್ಬಿನ ರಸದಲ್ಲಿ ಅಕ್ಕಿಯನ್ನು ಬೇಯಿಸಿ, ಸಿಪ್ಪೆಯನ್ನೇ ಉರುವಲಾಗಿ ಮಾಡಿದಳೆಂದು ಪ್ರತೀತಿ. ಆ ಶರಣನು ರೂಪವನ್ನಾಗಲಿ ತವರಿನ ಐಶ್ವರ್ಯವನ್ನಾಗಲಿ ಪರೀಕ್ಷಿಸಲಿಲ್ಲ. ಕೊರತೆಯ ಹೊತ್ತಿನಲ್ಲಿ ಬುದ್ಧಿಯು ಹೇಗೆ ನಡೆಯುವುದೆಂಬುದನ್ನು ಪರೀಕ್ಷಿಸಿದನು. ಆದರೆ ಈ ಕಥೆಯಲ್ಲಿ ಪರೀಕ್ಷೆಗೆ ಒಳಗಾದವಳು ಕನ್ಯೆಯೊಬ್ಬಳೇ. ಈ ಕಾಲದಲ್ಲಿ ವಧೂವರರಿಬ್ಬರೂ ಒಬ್ಬರನ್ನೊಬ್ಬರು ಪರೀಕ್ಷಿಸತಕ್ಕದ್ದು ಯುಕ್ತವಾಗಿದೆ.

ಎಲ್ಲ ವೃತ್ತಿಯವರಿಗೂ ವಿವಾಹವುಂಟಷ್ಟೆ, ವೈದ್ಯರ ವಿಷಯವನ್ನು ಪ್ರತ್ಯೇಕವಾಗಿ ವಿಚಾರಿಸುವುದೇಕೆ? ಎಂದು ಯಾರಾದರೂ ಕೇಳಬಹುದು. ನೇಕಾರನು ಮಗ್ಗವನ್ನು ನಿಲ್ಲಿಸಿ ಊಟಕ್ಕೆ ಏಳಬಹುದು. ಒಕ್ಕಲಿಗನು ಹೊತ್ತು ಮುಳುಗಿದ ಮೇಲೆ ಎತ್ತುಗಳನ್ನು ಕೊಟ್ಟಿಗೆಯಲ್ಲಿ ಕಟ್ಟಬಹುದು. ಆದರೆ ಹೆರಿಗೆಯ ಬೇನೆಯೂ ಹಾವಿನ ಕಡಿತವೂ ಹೃದಯಾಘಾತವೂ ಹೊತ್ತು ನೋಡಿ ಬರುವುದಿಲ್ಲ. ವೈದ್ಯನ ಮನೆಯಲ್ಲಿ ಗಂಡ ಹೆಂಡಿರಲ್ಲದೆ ಮೂರನೆಯವನೊಬ್ಬನು ಸದಾ ಇರುವನು. ಅವನು ರೋಗಿ. ಅವನನ್ನು ಅತಿಥಿಯೆಂದು ಕಾಣುವ ಮನೆ ಉಳಿಯುವುದು. ಕಳ್ಳನೆಂದು ಕಾಣುವ ಮನೆಯಲ್ಲಿ ನಿತ್ಯವೂ ಕಲಹ.

ಇದಲ್ಲದೆ ವ್ಯಾಸಂಗದ ದೀರ್ಘತೆಯೊಂದುಂಟು. ಎಂ.ಬಿ.ಬಿ.ಎಸ್. ಪದವಿಗೆ ನಾಲ್ಕೂವರೆ ವರ್ಷ, ಆಸ್ಪತ್ರೆಯ ಅಭ್ಯಾಸಕ್ಕೆ ಒಂದು ವರ್ಷ, ಎಂ.ಡಿ. ಅಥವಾ ಎಂ.ಎಸ್. ಪದವಿಗೆ ೩ ವರ್ಷ, ಅದರ ಮೇಲಿನ ವಿಶೇಷ ಪದವಿಗೆ ಮತ್ತೆ ೩ ವರ್ಷ. ಹದಿನೆಂಟರಲ್ಲಿ ಕಾಲೇಜನ್ನು ಸೇರಿದವರಿಗೆ ಇವೆಲ್ಲ ಮುಗಿಯುವ ವೇಳೆಗೆ ಮೂವತ್ತು ತುಂಬುವುದು. ನಿವಾಸಿ ವೈದ್ಯರ ನಿರಂತರ ಕೆಲಸವು ಸಾಮಾನ್ಯವಾಗಿ ದಿನಕ್ಕೆ ೧೨ ಗಂಟೆಗಳನ್ನು ಮೀರಕೂಡದೆಂದು ೧೯೯೨ರಲ್ಲಿಯೇ ಕೇಂದ್ರ ಸರಕಾರವು ನಿರ್ದೇಶವನ್ನು ಹೊರಡಿಸಿತು. ಆದರೂ ಹಗಲು ಹತ್ತಿ ಇರುಳು ಕಳೆದು ಮರುದಿನದವರೆಗೂ ವಾರ್ಡಿನಲ್ಲಿ ನಿಲ್ಲುವ ತರುಣರು ಇಂದಿಗೂ ಇದ್ದಾರೆ. ಲೋಕವು ವಿವಾಹಯೋಗ್ಯವೆಂದು ಹೇಳುವ ವಯಸ್ಸೆಲ್ಲವೂ ಹೀಗೆ ಕಳೆಯುವುದರಿಂದ, ಆಯ್ಕೆಯು ಅವಸರದಲ್ಲಿಯೋ ದಣಿವಿನಲ್ಲಿಯೋ ನಡೆದುಹೋಗುವ ಭಯವುಂಟು.

ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಒಂದೊಂದಕ್ಕೆ ನಾಲ್ಕು ನಾಲ್ಕು ಗುಣಗಳು. ವೈದ್ಯನಿಗೆ ಶಾಸ್ತ್ರಜ್ಞಾನ, ಬಹುಕಾಲದ ಅನುಭವ, ದಕ್ಷತೆ, ಶುಚಿತ್ವಗಳು ಬೇಕೆಂದಿದೆ. ವೈದ್ಯನ ಪತ್ನಿಯಾಗಲಿ ವೈದ್ಯೆಯ ಪತಿಯಾಗಲಿ ಈ ಪಟ್ಟಿಯಲ್ಲಿ ಸೇರಿಲ್ಲ. ಹಾಗಿದ್ದರೂ ನಿದ್ದೆಗೆಟ್ಟು, ಮನೆಯ ಕಲಹವನ್ನು ಮನಸ್ಸಿನಲ್ಲಿ ಹೊತ್ತು ಬಂದ ವೈದ್ಯನಲ್ಲಿ ದಕ್ಷತೆಯು ಎಷ್ಟು ಹೊತ್ತು ನಿಂತೀತು? ಪಾದಗಳು ನಾಲ್ಕಾದರೂ ಅವು ಊರಿ ನಿಲ್ಲುವ ನೆಲವು ಮನೆಯೇ ಆಗಿದೆ.

ಈ ತತ್ತ್ವಕ್ಕೆ ನಮ್ಮ ದೇಶದ ಪ್ರಥಮ ವೈದ್ಯೆಯರ ಚರಿತ್ರೆಯೇ ಸಾಕ್ಷಿಯಾಗಿದೆ. ಮುಂಬಯಿಯ ರಖಮಾಬಾಯಿಗೆ ೧೧ನೆಯ ವಯಸ್ಸಿನಲ್ಲಿ ವಿವಾಹವಾಯಿತು. ತನ್ನ ಸಮ್ಮತಿಯಿಲ್ಲದೆ ನಡೆದ ಆ ಸಂಬಂಧಕ್ಕೆ ಆಕೆಯು ಒಪ್ಪದಿದ್ದಾಗ ಗಂಡನು ೧೮೮೪ರಲ್ಲಿ ನ್ಯಾಯಾಲಯಕ್ಕೆ ಹೋದನು. ಗಂಡನ ಮನೆಗೆ ಹೋಗಬೇಕು, ಇಲ್ಲವೇ ಕಾರಾಗೃಹಕ್ಕೆ ಹೋಗಬೇಕೆಂದು ೧೮೮೭ರಲ್ಲಿ ತೀರ್ಪಾಯಿತು. ಆಕೆಯು ಕಾರಾಗೃಹಕ್ಕೇ ಸಿದ್ಧಳಾದಳು. ಮರುವರ್ಷ ಮೊಕದ್ದಮೆಯು ರಾಜಿಯಾದ ತರುವಾಯ ಲಂಡನಿಗೆ ಹೋಗಿ ವೈದ್ಯವಿದ್ಯೆಯನ್ನು ಕಲಿತು, ಸೂರತ್ ಮತ್ತು ರಾಜಕೋಟೆಗಳಲ್ಲಿ ದಶಕಗಳ ಕಾಲ ಸೇವೆಗೈದಳು. ಆಯ್ಕೆಯೇ ಇಲ್ಲದ ವಿವಾಹವು ಎಂತಹ ಬಂಧನವೆಂಬುದಕ್ಕೆ ಇದು ನಿದರ್ಶನ.

ಪುಣೆಯ ಕಡೆಯ ಆನಂದೀಬಾಯಿ ಜೋಶಿಯನ್ನು ಪತಿ ಗೋಪಾಳರಾಯನೇ ಹಠದಿಂದ ಓದಿಸಿದನು. ಆಕೆಯು ಅಮೇರಿಕಕ್ಕೆ ಹೋಗಿ ೧೮೮೬ರಲ್ಲಿ ವೈದ್ಯಪದವಿಯನ್ನು ಪಡೆದಳು. ಆದರೆ ದೇಹವು ಕ್ಷೀಣಿಸಿ, ೧೮೮೭ರಲ್ಲಿ ೨೧ನೆಯ ವಯಸ್ಸಿನಲ್ಲಿಯೇ ತೀರಿಕೊಂಡಳು. ಸಂಗಾತಿಯು ಪ್ರೋತ್ಸಾಹಿಸಿದರಷ್ಟೇ ಸಾಲದು, ದಣಿವನ್ನು ಕಂಡು ತಡೆಯಬಲ್ಲವನೂ ಆಗಿರಬೇಕು ಎಂಬ ವಿಚಾರವು ಈ ಚರಿತ್ರೆಯನ್ನು ಓದುವವರ ಮನಸ್ಸಿಗೆ ಬಾರದಿರದು.

ಕಲಕತ್ತೆಯ ಕಾದಂಬಿನಿ ಗಂಗೂಲಿಯ ಪತಿ ದ್ವಾರಕಾನಾಥನು ವೈದ್ಯನಲ್ಲ, ಉಪಾಧ್ಯಾಯನು. ರಾತ್ರಿಯಲ್ಲಿ ರೋಗಿಗಳ ಮನೆಗೆ ಹೋಗುವ ಆಕೆಯ ಶೀಲವನ್ನು ಒಂದು ವಾರಪತ್ರಿಕೆಯು ನಿಂದಿಸಿದಾಗ, ಆತನು ಹೆಂಡತಿಯನ್ನು ಮನೆಯಲ್ಲಿರೆಂದು ಗದರಿಸಲಿಲ್ಲ. ಪತ್ರಿಕೆಯ ಮೇಲೆ ಮೊಕದ್ದಮೆ ಹೂಡಿ ಸಂಪಾದಕನಿಗೆ ಶಿಕ್ಷೆಯಾಗುವಂತೆ ಮಾಡಿದನು. ವೈದ್ಯೆಗೆ ತಕ್ಕ ಸಂಗಾತಿಯ ಲಕ್ಷಣವು ಇಲ್ಲಿ ಸ್ಪಷ್ಟವಾಗಿದೆ.

ಹಾಗಾದರೆ ವೈದ್ಯರು ವೈದ್ಯರನ್ನೇ ವರಿಸಬೇಕೆ? ಈ ಪ್ರಶ್ನೆಯನ್ನು ತಾಯಿತಂದೆಗಳು ಬಹಳವಾಗಿ ಕೇಳುವರು. ಮದರಾಸಿನ ಮುತ್ತುಲಕ್ಷ್ಮಿ ರೆಡ್ಡಿಯವರು ೧೯೧೨ರಲ್ಲಿ ವೈದ್ಯಪದವಿಯನ್ನು ಪಡೆದು ೧೯೧೪ರಲ್ಲಿ ಡಾಕ್ಟರ್ ಸುಂದರ ರೆಡ್ಡಿಯವರನ್ನು ವರಿಸಿದರು. ತನ್ನನ್ನು ಸರಿಸಮಾನಳೆಂದು ಗೌರವಿಸಬೇಕು, ತನ್ನ ಇಚ್ಛೆಗೆ ಅಡ್ಡ ಬರಕೂಡದು ಎಂಬುದು ಆಕೆಯು ಮೊದಲೇ ಹಾಕಿದ ಕರಾರು. ೧೯೫೪ರಲ್ಲಿ ಅಡಯಾರಿನ ಅರ್ಬುದರೋಗದ ಆಸ್ಪತ್ರೆಯನ್ನು ಸ್ಥಾಪಿಸಿದವರು ಇವರೇ. ಒಂದೇ ವೃತ್ತಿಯವರಾದರೆ ಒಬ್ಬರ ಕಷ್ಟವು ಇನ್ನೊಬ್ಬರಿಗೆ ಹೇಳದೆಯೇ ತಿಳಿಯುವುದು, ಇದು ಗುಣ. ಇಬ್ಬರಿಗೂ ಒಂದೇ ಇರುಳು ಕರೆ ಬಂದರೆ ಮಗುವನ್ನು ನೋಡುವವರಾರು? ಇದು ದೋಷ. ಕಾದಂಬಿನಿಯ ಪತಿಯು ಉಪಾಧ್ಯಾಯನು, ಮುತ್ತುಲಕ್ಷ್ಮಿಯವರ ಪತಿಯು ವೈದ್ಯರು. ಎರಡು ಮನೆಗಳೂ ಬೆಳಗಿದವು. ಆದ್ದರಿಂದ ಪದವಿಯ ಸಾಮ್ಯಕ್ಕಿಂತ ಕಾಯಕದ ಮೇಲಣ ಗೌರವವೇ ಮುಖ್ಯವೆಂದು ನಿಶ್ಚಯಿಸಬಹುದು.

ಇಲ್ಲಿ ಸಮಾಜವು ಗಮನಿಸತಕ್ಕ ಅನ್ಯಾಯವೊಂದುಂಟು. ವೀರಶೈವ ಲಿಂಗಾಯತ ಸಮಾಜದ ಔದಾರ್ಯದಿಂದ ಬೆಳಗಾವಿ ಮತ್ತು ಕಲಬುರಗಿಗಳಲ್ಲಿ ೧೯೬೩ರಲ್ಲಿ, ದಾವಣಗೆರೆಯಲ್ಲಿ ೧೯೬೫ರಲ್ಲಿ, ಮೈಸೂರಿನಲ್ಲಿ ೧೯೮೪ರಲ್ಲಿ ವೈದ್ಯ ಕಾಲೇಜುಗಳು ಆರಂಭವಾದವು. ಅವುಗಳಲ್ಲಿ ಓದಿದ ಹೆಣ್ಣುಮಕ್ಕಳು ಅಸಂಖ್ಯಾತರು. ಸೊಸೆಯು ಡಾಕ್ಟರಳೆಂಬ ಕೀರ್ತಿಯನ್ನು ಬಯಸಿ ಮನೆ ತುಂಬಿಸಿಕೊಂಡವರೇ, ರಾತ್ರಿಯ ಪಾಳಿ ಬೇಡ, ಶಸ್ತ್ರಚಿಕಿತ್ಸೆಯ ಅಭ್ಯಾಸ ಬೇಡ, ಮನೆಯಲ್ಲಿದ್ದರೆ ಸಾಕು ಎನ್ನುವುದುಂಟು. ಗೋಡೆಗೆ ತೂಗಹಾಕುವ ಪದವಿಪತ್ರಕ್ಕಾಗಿ ಒಬ್ಬ ವೈದ್ಯೆಯನ್ನು ರೋಗಿಗಳಿಂದ ಕಸಿದುಕೊಳ್ಳುವುದು ಕಾಯಕದ್ರೋಹವಲ್ಲದೆ ಮತ್ತೇನು?

ಇದಕ್ಕಿಂತಲೂ ಘೋರವಾದುದು ವರದಕ್ಷಿಣೆ. ೧೯೬೧ರ ಕಾಯದೆಯು ಇದನ್ನು ನಿಷೇಧಿಸಿದ್ದರೂ ಡಾಕ್ಟರ್ ವರನಿಗೆ ಬೆಲೆ ಕಟ್ಟುವ ವ್ಯವಹಾರವು ನಿಂತಿಲ್ಲ. ಓದಿಗೆ ಮಾಡಿದ ಸಾಲವನ್ನು ಮಾವನು ತೀರಿಸಬೇಕು, ಆಸ್ಪತ್ರೆಯನ್ನು ಮಾವನು ಕಟ್ಟಿಸಬೇಕು ಎಂಬ ಬೇಡಿಕೆಗಳು ಮರ್ಯಾದೆಯ ವೇಷದಲ್ಲಿ ಬರುವವು. ಹೀಗೆ ಬಂದ ಹಣಕ್ಕೂ, ಆ ಹಣದಿಂದ ಬೆಳೆದ ಆಡಂಬರಕ್ಕೂ ಕೊನೆಗೆ ಲೆಕ್ಕ ಕೊಡುವವನಾರು? ಬೇಡದ ಪರೀಕ್ಷೆಗೆ, ಬೇಡದ ಶಸ್ತ್ರಚಿಕಿತ್ಸೆಗೆ ಹೊಲ ಮಾರಿ ಹಣ ತರುವ ಬಡ ರೋಗಿಯೇ. ಮದುವೆಯ ಚಪ್ಪರದಲ್ಲಿ ಆರಂಭವಾದ ಲೋಭವು ರೋಗಿಯ ಹಾಸಿಗೆಯ ಬಳಿ ಮುಗಿಯುವುದು.

ಕಲ್ಯಾಣದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುತ್ತಿದ್ದ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದಾಗ, ಲಕ್ಕಮ್ಮನು ಅದನ್ನು ಮರಳಿ ಹಾಕಿ ಬರುವಂತೆ ಹೇಳಿದಳು. ಇಂದಿನ ವೈದ್ಯನಿಗೆ ಬೇಕಾದ ಸಂಗಾತಿಯ ಪರಮ ಲಕ್ಷಣವು ಇದೇ. ಔಷಧದ ಕಂಪನಿಯ ಉಡುಗೊರೆಯೋ ಪ್ರಯೋಗಾಲಯದ ದಳ್ಳಾಳಿಯ ಹಣವೋ ಮನೆಗೆ ಬಂದ ದಿನ, "ಇದು ನಮ್ಮದಲ್ಲ, ಮರಳಿಸಿ ಬನ್ನಿ" ಎನ್ನಬಲ್ಲವರು ಬೇಕು. ಪತ್ನಿಯು ಪತಿಗೆ ಹೇಳುವಂತೆ ಪತಿಯೂ ಪತ್ನಿಗೆ ಹೇಳಬೇಕು.

ಕಡೆಯದಾಗಿ, ನಿಶ್ಚಿತಾರ್ಥಕ್ಕೆ ಮುಂಚೆ ವಧೂವರರು ತಾವೇ ಕುಳಿತು ವಿಚಾರಿಸಿಕೊಳ್ಳತಕ್ಕ ಮಾತುಗಳು ಕೆಲವುಂಟು. ಹಬ್ಬದ ದಿನವೇ ಕರೆ ಬಂದರೆ ಮನೆಯವರು ಏನೆನ್ನುವರು? ಮುಂದಿನ ಓದಿಗೆ ಇಬ್ಬರಿಗೂ ಅವಕಾಶವುಂಟೆ? ಹಳ್ಳಿಯಲ್ಲಿ ಸೇವೆ ಮಾಡಬೇಕಾದರೆ ಜೊತೆಗೆ ಬರುವವರಾರು? ಮಕ್ಕಳ ಪಾಲನೆಯಲ್ಲಿ ಯಾರ ಪಾಲು ಎಷ್ಟು? ಸಾಲವೆಷ್ಟಿದೆ? ರೋಗಿಗಳ ಗುಟ್ಟನ್ನು ಬಂಧುಗಳು ಕೆದಕಿ ಕೇಳಿದಾಗ ಮೌನವಾಗಿರಲು ಸಾಧ್ಯವೆ? ೨೦೨೦ರಲ್ಲಿ ಕೊರೋನಾ ವ್ಯಾಧಿಯು ಹರಡಿದಾಗ ಎಷ್ಟೋ ವೈದ್ಯರು ಮನೆಯವರಿಗೆ ಸೋಂಕು ತಗಲೀತೆಂದು ವಾರಗಟ್ಟಲೆ ಬೇರೆ ಉಳಿದರು. ಅಂತಹ ಕಾಲವು ಮರಳಿ ಬಂದರೆ ಧೈರ್ಯವುಂಟೆ? ಭಯವಿದೆಯೆಂದು ನಿಜ ಹೇಳುವವರನ್ನು ನಿರಾಕರಿಸಕೂಡದು. ಭಯವಿದ್ದರೂ ಜೊತೆಗಿರುವೆನೆಂಬ ಮಾತು ಬಲು ಬೆಲೆಯುಳ್ಳದ್ದು. ಜಾತಕದ ಗುಣಗಳನ್ನು ಎಣಿಸುವ ಶ್ರಮದಲ್ಲಿ ಅರ್ಧವನ್ನು ಈ ಪ್ರಶ್ನೆಗಳಿಗೆ ವೆಚ್ಚ ಮಾಡಿದರೆ ಎಷ್ಟೋ ಮನೆಗಳ ಕಣ್ಣೀರು ತಪ್ಪುವುದು.

ಹಾಗೆಂದು ವೈದ್ಯನಾದವನು ಸೇವೆಯ ಹೆಸರಿನಲ್ಲಿ ಮನೆಯನ್ನು ಮರೆಯಲಾಗದು. ರೋಗಿಗೆ ತೋರುವ ಸಹನೆಯಲ್ಲಿ ಒಂದು ಪಾಲು ಕೈಹಿಡಿದವರಿಗೂ ಸಲ್ಲತಕ್ಕದ್ದು. ಮನೆಯಲ್ಲಿ ಕಾದು ಕುಳಿತವರ ಸಹನೆಯೂ ಆ ಕಾಯಕದಲ್ಲಿ ಒಂದು ಭಾಗವೆಂದು ತಿಳಿಯಬೇಕು.

ವಿವಾಹಕ್ಕೆ ಸಿದ್ಧರಾಗುತ್ತಿರುವ ತರುಣ ವೈದ್ಯರಿಗೂ ವೈದ್ಯೆಯರಿಗೂ ಕಾಯಕವನ್ನು ಗೌರವಿಸುವ, ಮಿಕ್ಕ ಅಕ್ಕಿಯನ್ನು ಮರಳಿಸುವ ಸಂಗಾತಿಗಳು ದೊರೆಯಲಿ. ತಾಯಿತಂದೆಗಳಿಗೆ ಹಾಗೆ ಹುಡುಕುವ ಬುದ್ಧಿಯನ್ನು ಬಸವಾದಿ ಪ್ರಮಥರು ಕರುಣಿಸಲಿ.