ಪ್ರೌಢವಯಸ್ಸಿನಲ್ಲಿ ವಾದ್ಯಾಭ್ಯಾಸ



ನಲವತ್ತು ದಾಟಿದವನು ವಾದ್ಯವೊಂದನ್ನು ಕಲಿಯಲು ಕುಳಿತರೆ ನೆರೆಹೊರೆಯವರಿಗೆ ವಿನೋದ. ಅವನಿಗೆ ಮಾತ್ರ ಪರೀಕ್ಷೆ. ಅನ್ಯರ ಉತ್ತರಪತ್ರಿಕೆಗಳಿಗೆ ಅಂಕ ಕೊಟ್ಟು ಬದುಕುವ ಅಧ್ಯಾಪಕನಾದ ನನಗೆ ಈ ಪರೀಕ್ಷೆ ಒದಗಿದ್ದು ನಲವತ್ತಮೂರನೆಯ ವಯಸ್ಸಿನಲ್ಲಿ. ಮೋಟೆಬೆನ್ನೂರಿನ ನಮ್ಮ ಮನೆಯಲ್ಲಿ ತಂದೆಯವರ ಪೇಟಿ ಇದ್ದಿತು. ಹಾರ್ಮೋನಿಯಮ್ಮಿಗೆ ನಮ್ಮ ಕಡೆ ಪೇಟಿಯೆಂದೇ ಹೆಸರು. ಸೋಮವಾರದ ಭಜನೆಗೆ ಅವರು ಅದನ್ನು ನುಡಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ ಭಜನೆ ಬರಿಯ ತಾಳದ ಮೇಲೆ ನಡೆಯಿತು. ವರ್ಷದೊಳಗೆ ಒಂದು ಪದಕ್ಕಾದರೂ ಜೊತೆ ನುಡಿಸಬೇಕೆಂದು ನಾನು ಸಂಕಲ್ಪ ಮಾಡಿದೆನು.

ಓದಿದವರ ಚಾಳಿಯಂತೆ ಮೊದಲು ಕೊಂಡದ್ದು ಒಂದು ನೋಟುಬುಕ್ಕು. ದಿನಾಂಕ, ಅಭ್ಯಾಸದ ನಿಮಿಷ, ಕಲಿತ ಅಲಂಕಾರ, ಇಷ್ಟನ್ನೂ ತಪ್ಪದೆ ಬರೆದೆನು. ಮೂರು ತಿಂಗಳಿಗೆ 70 ತಾಸು ಕೂಡಿತು. ಹೆಮ್ಮೆಯಿಂದ ಗುರುಗಳ ಮುಂದಿಟ್ಟೆ. ಅವರು ಹಾಳೆ ತಿರುವಿ, “ಎಷ್ಟು ಹೊತ್ತು ಕುಂತ್ರಿ ಅಂತ ಬರದೀರಿ ಸರ. ಎಲ್ಲಿ ತಪ್ಪಿದ್ರಿ ಅನ್ನೋದು ಎಲ್ಲೂ ಇಲ್ಲಲ್ಲ!” ಎಂದರು.

ಪೇಟಿಯಲ್ಲಿ ಈ ಮೋಸಕ್ಕೆ ಅವಕಾಶ ಹೆಚ್ಚು. ಪಿಟೀಲಿನ ಮೇಲೆ ಬೆರಳು ಕೊಂಚ ಜಾರಿದರೂ ಅಪಸ್ವರ ಕಿವಿಯನ್ನು ಚುಚ್ಚುತ್ತದೆ. ಪೇಟಿಯ ಸ್ವರವಾದರೋ ಮಾಡಿದವನೇ ಕೂಡಿಸಿಟ್ಟದ್ದು. ಮಗು ಒತ್ತಿದರೂ ಅದೇ ನುಡಿಯುತ್ತದೆ. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡು ಅದರಲ್ಲಿ ಹುಟ್ಟದೆಂಬುದು ಬಲ್ಲವರ ಹಳೆಯ ಆಕ್ಷೇಪ. ಆಲ್ ಇಂಡಿಯಾ ರೇಡಿಯೋ 1940ರಲ್ಲಿ ಅದನ್ನು ಹೊರಗಿಟ್ಟು, 1971ರಲ್ಲಿ ಆ ನಿಷೇಧವನ್ನು ಸಡಿಲಿಸಿತು. ಸ್ವರ ತಾನಾಗಿ ಸರಿ ಬರುವುದರಿಂದ ಕಲಿಯುವವನ ದೋಷಗಳು ಲಯದಲ್ಲಿಯೂ, ತಿದಿಯೊತ್ತುವ ಎಡಗೈಯಲ್ಲಿಯೂ ಅಡಗಿ ಕುಳಿತಿರುತ್ತವೆ.

ಹೊಸ ಲೆಕ್ಕವನ್ನು ಹೀಗೆ ಹೂಡಿದೆ. ವಾರಕ್ಕೊಮ್ಮೆ ಅದೇ ಭೂಪ ರಾಗದ ಗತ್ತನ್ನು ತೀನತಾಲದಲ್ಲಿ, ನಿಮಿಷಕ್ಕೆ 60 ಮಾತ್ರೆಯಂತೆ ನುಡಿಸಿ ಫೋನಿನಲ್ಲಿ ಮುದ್ರಿಸಿಕೊಳ್ಳುವುದು. ಮರುದಿನ ಪರರ ವಾದನವೆಂಬಂತೆ ಕೇಳಿ, ಒಂದೇ ಒಂದು ತಪ್ಪನ್ನು ಬರೆಯುವುದು. ಹದಿನಾರು ಮಾತ್ರೆಗಳಲ್ಲಿ ಒಂಬತ್ತನೆಯದು ಖಾಲಿ. ಅಲ್ಲಿಗೆ ಬಂದೊಡನೆ ನಾನು ಓಡುತ್ತಿದ್ದೆ. ಬಲಗೈ ಅವಸರಪಟ್ಟಾಗ ಎಡಗೈ ತಿದಿಯನ್ನು ಮರೆತು ನಾದ ಕುಗ್ಗುತ್ತಿತ್ತು. ಮೊದಲ ವಾರ ಲಯ ಕೆಡದೆ ನಿಂತದ್ದು ಎರಡು ಆವರ್ತನ, ಮುಂದೆ ಏಳಾಯಿತು. ಬೆರಳಿಡುವ ಕ್ರಮವನ್ನು ಗುರುಗಳು ತಿದ್ದಿದ ವಾರ ನಾಲ್ಕಕ್ಕೆ ಇಳಿಯಿತು. ಹಳೆಯ ರೂಢಿ ಬಿಟ್ಟು ಹೊಸದು ಕೂಡುವ ನಡುವೆ ಇಂಥ ಇಳಿತ ಸಹಜ. ತಾಸುಗಳನ್ನೇ ಎಣಿಸುವವನಿಗೆ ಅದು ಕಾಣದು, ಕಂಡವನು ಎದೆಗುಂದಬೇಕಾಗಿಲ್ಲ. ಮುಂದಿನ ತಿಂಗಳು ಹನ್ನೊಂದು ಆವರ್ತನ ನಿಂತವು.

ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ನಮ್ಮ ನೆರೆಯ ಹಾನಗಲ್ಲ ತಾಲ್ಲೂಕಿನಲ್ಲಿ ಜನಿಸಿದವರು. ಇಬ್ಬರೂ ಅಂಧರು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅವರ ಬಳಿ ಎಷ್ಟೋ ಮಂದಿ ಅಂಧ ವಿದ್ಯಾರ್ಥಿಗಳು ಕಲಿತರು. ಅವರಿಗೆ ಕಿವಿಯೇ ಕಡತ, ನೆನಪೇ ಲೇಖನಿ. ನನ್ನ ನೋಟುಬುಕ್ಕು ಅಂಥ ಕಿವಿ ಬರುವವರೆಗೆ ಹಿಡಿದ ಊರುಗೋಲು ಮಾತ್ರ.

ವರ್ಷ ತುಂಬುವ ಮುನ್ನ ಒಂದು ಸೋಮವಾರ ಪೇಟಿಯನ್ನು ಗುಡಿಗೆ ಒಯ್ದೆ. ಒಂದು ಪದಕ್ಕೆ ನುಡಿಸಿದೆ. ನಡುವೆ ಒಮ್ಮೆ ಓಡಿದೆ. ತಾಳ ಹಿಡಿದ ಹಿರಿಯರು ತಾವು ಓಡದೆ ನನ್ನನ್ನು ಹಿಂದಕ್ಕೆ ಕರೆದುಕೊಂಡರು. “ನಿಮ್ಮ ಅಪ್ಪಾರ ಪೇಟಿ ಮತ್ತ ಮಾತಾಡ್ತು” ಎಂದರು. ಆ ಮಾತನ್ನು ಬರೆದಿಡಲಿಲ್ಲ, ಮನೆಗೆ ಬಂದು ಬರೆದದ್ದು ಇಷ್ಟೆ: “ಮೂರನೆಯ ನುಡಿಯಲ್ಲಿ ಓಡಿದೆ.”