ಬಿಟ್ಟಿ ಅಂದ ಮಾತ್ರಕ್ಕೆ ಬಾಗಿಲು ತೆರೆದಂತಲ್ಲ



ಕಂಪ್ಯೂಟರ್ ಅಂದ ಕೂಡಲೇ ನಿಮಗೆ ನೆನಪಾಗುವುದು ಕಂಪನಿ, ಸಂಬಳ, ಅಮೆರಿಕ. ತಪ್ಪೇನಿಲ್ಲ. ನಾನೂ ಇವತ್ತು ಅಮೆರಿಕದ ಮಾತನ್ನೇ ಆಡಲು ಬಂದಿದ್ದೇನೆ. ಆದರೆ ಇದು ಲಾಭದ ಆಸೆಯಿಲ್ಲದೆ ಊರವರಿಗಾಗಿ ಕಟ್ಟಿದ ಕಂಪ್ಯೂಟರ್ ಜಾಲಗಳ ಮಾತು.

1973. ಕ್ಯಾಲಿಫೋರ್ನಿಯಾದ ಬರ್ಕ್‌ಲಿ ಪಟ್ಟಣದಲ್ಲೊಂದು ಹಾಡಿನ ರೆಕಾರ್ಡ್ ಮಾರುವ ಅಂಗಡಿ. ಮೆಟ್ಟಿಲು ಹತ್ತಿದರೆ ವಾದ್ಯಗಾರರು ಚೀಟಿ ಅಂಟಿಸುವ ಹಲಗೆ. ಅದರ ಪಕ್ಕದಲ್ಲೇ ಲೀ ಫೆಲ್ಸೆನ್‌ಸ್ಟೈನ್ ಮತ್ತವರ ಗೆಳೆಯರು ಒಂದು ಟೆಲಿಟೈಪ್ ಯಂತ್ರ ತಂದಿಟ್ಟರು. ಅದರ ಗದ್ದಲ ಅಡಗಿಸಲು ರಟ್ಟಿನ ಪೆಟ್ಟಿಗೆ ಮುಚ್ಚಿದರು. ಫೋನ್ ತಂತಿಯ ಆಚೆ ತುದಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ದೊಡ್ಡ ಕಂಪ್ಯೂಟರ್. ಹೆಸರು ‘ಕಮ್ಯುನಿಟಿ ಮೆಮೊರಿ’. ಜನ ಕವಿತೆ ಬರೆದರು, ಸಂಗೀತಕ್ಕೆ ಜೊತೆಗಾರರನ್ನು ಹುಡುಕಿದರು, ಬೇಗಲ್ ಎಂಬ ರೊಟ್ಟಿ ಎಲ್ಲಿ ಚೆನ್ನಾಗಿ ಸಿಗುತ್ತದೆ ಎಂದು ಕೇಳಿದರು. ಯಾರೋ ಒಬ್ಬರು, ಬನ್ನಿ, ಮಾಡುವುದನ್ನೇ ಕಲಿಸುತ್ತೇನೆ ಅಂದರಂತೆ! ಯಂತ್ರದ ಪಕ್ಕದಲ್ಲಿ ಹೇಳಿಕೊಡಲು ಒಬ್ಬರು ನಿಂತಿರುತ್ತಿದ್ದರು. ಇದನ್ನು ನೆನಪಿಟ್ಟುಕೊಳ್ಳಿ.

ಇನ್ನೊಂದು ಊರು, ಕ್ಲೀವ್‌ಲ್ಯಾಂಡ್. 1984ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ಟಾಮ್ ಗ್ರಂಡ್ನರ್ ಒಂದು ಕಂಪ್ಯೂಟರ್, ಒಂದು ಫೋನ್ ಲೈನ್ ಇಟ್ಟುಕೊಂಡು ಕೂತರು. ರೋಗದ ಬಗ್ಗೆ ಪ್ರಶ್ನೆ ಬರೆದುಬಿಡಿ, 24 ಗಂಟೆಯಲ್ಲಿ ವೈದ್ಯರ ಉತ್ತರ. ಅದೇ ಬೆಳೆದು 1986ರಲ್ಲಿ ‘ಕ್ಲೀವ್‌ಲ್ಯಾಂಡ್ ಫ್ರೀ-ನೆಟ್’ ಆಯಿತು. ತೆರೆಯ ಮೇಲೆ ಊರಿನದೇ ನಕ್ಷೆ: ಅಂಚೆ ಕಚೇರಿ, ಶಾಲೆ, ಗ್ರಂಥಾಲಯ, ನ್ಯಾಯಾಲಯ. ಚಂದಾ ಇಲ್ಲ.

ಆದರೆ ಮನೆಯಿಂದ ಈ ‘ಊರಿಗೆ’ ಹೋಗಬೇಕಾದರೆ ಕಂಪ್ಯೂಟರ್ ಬೇಕು, ಮೋಡೆಮ್ ಬೇಕು, ಫೋನ್ ಬೇಕು. ಇಲ್ಲದವನಿಗೆ ಬಿಟ್ಟಿ ಆದರೇನು, ದುಬಾರಿ ಆದರೇನು?

ಉತ್ತರ ಸಿಕ್ಕಿದ್ದು ಸಾಂಟಾ ಮೋನಿಕಾದಲ್ಲಿ. 1989ರಲ್ಲಿ ಆ ನಗರಸಭೆ ‘ಪೆನ್’ ಎಂಬ ಜಾಲ ತೆರೆದು, ಗ್ರಂಥಾಲಯಗಳಂಥ ಕಡೆ ಯಾರು ಬೇಕಾದರೂ ಕೂರಬಹುದಾದ ಯಂತ್ರಗಳನ್ನಿಟ್ಟಿತು. ಅಲ್ಲಿ ಬಂದು ಕೂತವರಲ್ಲಿ ಮನೆಯಿಲ್ಲದವರೂ ಇದ್ದರು, ಬೀದಿಯಲ್ಲಿ ಮಲಗುವವರು. ಊರಿನ ಉಳ್ಳವರು ಇವರನ್ನು ಸೋಮಾರಿಗಳೆಂದು ಬರೆದರೆ ಇವರೂ ಎದುರು ಬರೆದರು. ಸ್ನಾನ ಮಾಡದೆ, ಬಟ್ಟೆ ಒಗೆಯದೆ, ಗಂಟುಮೂಟೆ ಹೊತ್ತು ಹೋದರೆ ಕೆಲಸ ಯಾರು ಕೊಡುತ್ತಾರೆ? ತೆರೆಯ ಮೇಲೆ ಅವರ ಬಟ್ಟೆ ಯಾರಿಗೂ ಕಾಣುತ್ತಿರಲಿಲ್ಲ, ಮಾತಷ್ಟೇ ಕಾಣುತ್ತಿತ್ತು. ಜಗಳ ಚರ್ಚೆಯಾಯಿತು, ಚರ್ಚೆ ಬೇಡಿಕೆಯಾಯಿತು. ಕೊನೆಗೆ ನಗರಸಭೆ ಸ್ನಾನಕ್ಕೆ, ಸಾಮಾನಿಡುವ ಪೆಟ್ಟಿಗೆಗಳಿಗೆ ವ್ಯವಸ್ಥೆ ಮಾಡಬೇಕಾಯಿತು. ಓದಲು ಮಾತ್ರ ಬಿಟ್ಟಿದ್ದರೆ ಇದು ಆಗುತ್ತಿತ್ತೇ? ಅವರಿಗೆ ಬರೆಯುವ ಹಕ್ಕಿತ್ತು.

ಎಲ್ಲವೂ ಉಳಿಯಲಿಲ್ಲ. ಬಿಟ್ಟಿ ಜಾಲಕ್ಕೂ ಕರೆಂಟು, ಫೋನ್, ರಿಪೇರಿ ಅಂತ ಖರ್ಚಿದೆ. ಕ್ಲೀವ್‌ಲ್ಯಾಂಡಿನ ಜಾಲವನ್ನು ಅದನ್ನು ಸಾಕಿದ ವಿಶ್ವವಿದ್ಯಾಲಯವೇ 1999ರಲ್ಲಿ ಮುಚ್ಚಿತು. ಕೆನಡಾದ ಒಟ್ಟಾವದಲ್ಲಿ 1993ರಲ್ಲಿ ಶುರುವಾದ ಫ್ರೀನೆಟ್ ಮಾತ್ರ ಸದಸ್ಯರ ಸಂಸ್ಥೆಯಾಗಿ, ಸ್ವಯಂಸೇವಕರ ನೆರವಿನಿಂದ ಬದುಕಿದೆ. ಒಡೆಯ ಒಬ್ಬನಾದರೆ ಬೀಗವೂ ಅವನ ಕೈಯಲ್ಲೇ ಅಲ್ಲವೇ?

ನಮ್ಮಲ್ಲಿಗೆ ಬನ್ನಿ. ಆ ಕಾಲದ ಆ ಜಾಲಗಳಲ್ಲಿ ಕನ್ನಡ ಅಕ್ಷರಕ್ಕೆ ಜಾಗವೇ ಇರಲಿಲ್ಲ. ಈಗ ಆ ನೆಪ ಹೇಳುವ ಹಾಗಿಲ್ಲ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಇದೆ, ಯೂನಿಕೋಡ್ ಇದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ‘ಅರಿವು ಕೇಂದ್ರ’ಗಳಾಗಿ, ಎಷ್ಟೋ ಕಡೆ ಕಂಪ್ಯೂಟರೂ ಬಂದಿದೆ. ಜೇಬಲ್ಲಿ ಮೊಬೈಲ್ ಇರುವ ನಿಮಗೆ ಅದು ಬೇಡವಿರಬಹುದು. ನಿಮ್ಮ ಮನೆ ಕಟ್ಟಲು ಬಂದ ಗಾರೆ ಕೆಲಸದವರ ಮಗಳಿಗೆ ಬೇಕು.

ಈ ವಾರ ನಿಮ್ಮ ಬಡಾವಣೆಯ ಗ್ರಂಥಾಲಯಕ್ಕೆ ಹೋಗಿ. ಕಂಪ್ಯೂಟರ್ ಇದೆಯೇ, ಇದ್ದರೆ ಧೂಳು ಕುಡಿಯುತ್ತಿದೆಯೇ, ಕನ್ನಡದಲ್ಲಿ ಟೈಪ್ ಮಾಡಲು ಬರುತ್ತದೆಯೇ ನೋಡಿ. ಪಕ್ಕದಲ್ಲಿ ನಿಂತು ಹೇಳಿಕೊಡುವವರು ಯಾರೂ ಇಲ್ಲದಿದ್ದರೆ, ವಾರಕ್ಕೆರಡು ಗಂಟೆ ನೀವೇ ನಿಲ್ಲುತ್ತೀರಾ ಎಂದು ಗ್ರಂಥಪಾಲಕರನ್ನು ಕೇಳಿ ಬನ್ನಿ.